ನಾಲ್ಕನೇ ಬುಟ್ಟಿ

ನಮ್ಮ ಕಾಕಾನ ಮನೆಯಲ್ಲಿ ಈವರೆಗೆ ಒಂದೇ ಒಂದು ಸಾಮಾನೂ ಸತ್ತಿಲ್ಲ. ಎಮ್ಮೆ ಸತ್ತಿದೆ, ಬೆಕ್ಕು ಸತ್ತಿದೆ, ಕಾಲ ಬಂದಾಗ ಹಿರಿಯರೂ ಹೋಗಿದ್ದಾರೆ. ಆದರೆ ಕೊಡೆ? ಕಂದೀಲು? ಚಪ್ಪಲಿ? ಅವು ಸಾಯಲು ಸಿದ್ಧವಾಗಿದ್ದರೂ ಕಾಕಾ ಬಿಡಬೇಕಲ್ಲ!

ಒಂದು ಕೊಡೆಯ ಕಥೆ ಕೇಳಿ. ಗಾಳಿಗೆ ಮಗುಚಿ ಅದು ಪ್ರಾಣ ಬಿಟ್ಟಿತೆಂದೇ ನಾವೆಲ್ಲ ತಿಳಿದಿದ್ದೆವು. ಮುಂದಿನ ವಾರ ಹೋಗಿ ನೋಡಿದರೆ ಅದರ ಕಡ್ಡಿಗೆ ಬದನೆಕಾಯಿ ಚುಚ್ಚಿಕೊಂಡು ಕಾಕಿ ಒಲೆಯ ಮುಂದೆ ಸುಡುತ್ತಿದ್ದಾಳೆ. ಅದರ ಬಟ್ಟೆ ರೇಡಿಯೋಕ್ಕೆ ಅಂಗಿಯಾಗಿದೆ. ಬಾಗಿದ ಹಿಡಿಕೆ ಗೋಡೆಗೆ ಬಡಿಸಿಕೊಂಡು ಕಾಕಾನ ಟೋಪಿಯನ್ನು ಹೊತ್ತು ನಿಂತಿದೆ. ಬದುಕಿದ್ದಾಗ ಅದು ಮಳೆಗಾಲದಲ್ಲಿ ಮಾತ್ರ ದುಡಿಯುತ್ತಿತ್ತು, ಸತ್ತ ಮೇಲೆ ವರ್ಷವಿಡೀ ದುಡಿಯುತ್ತಿದೆ! ಆ ಮನೆಯಲ್ಲಿ ಕೂತಾಗ ನಾನು ಬಹಳ ಹುಷಾರಾಗಿರುತ್ತೇನೆ. ನನ್ನದೊಂದು ಹಲ್ಲು ಬಿದ್ದರೂ ಕಾಕಾ ಅದನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಯಾವುದಾದರೂ ಬಾಗಿಲಿನ ಬಿಜಾಗರಿಗೆ ಹೊಂದಿಸಿಬಿಟ್ಟಾನು ಎಂಬ ಭಯ.

“ಕಾಕಾ, ಇದನ್ನ ಒಗದು ಒಂದು ಹೊಸಾದು ತರಬಾರದೇನು?” ಎಂದು ಯಾವುದರ ಬಗ್ಗೆ ಕೇಳಿದರೂ ಉತ್ತರ ಒಂದೇ. ಮೊದಲು ಆ ವಸ್ತುವಿನ ಮೇಲೆ ಅಂಗೈ ಇಡುತ್ತಾನೆ, ಜ್ವರ ನೋಡುವ ಡಾಕ್ಟರರ ಹಾಗೆ. ಕಣ್ಣು ಅರ್ಧ ಮುಚ್ಚುತ್ತಾನೆ. ಆಮೇಲೆ ಊರಿಗೆಲ್ಲ ಕೇಳುವಂತೆ ತೀರ್ಪು:

“ಇರ್ಲಿ ಬಿಡು. ಇನ್ನಾ ನಡೀತೈತಿ!”

ಈ ಮಾತನ್ನು ನಾನು ಎಷ್ಟು ಚೆನ್ನಾಗಿ ಅಣಕಿಸುತ್ತೇನೆಂದರೆ, ಒಮ್ಮೆ ಬಾಗಿಲ ಹಿಂದಿನಿಂದ ನಾನು ಹೇಳಿದ್ದನ್ನು ಕೇಳಿ ಕಾಕಿ ಒಡೆದ ಗಡಿಗೆಯನ್ನು ತಿಪ್ಪೆಯಿಂದ ವಾಪಸು ತಂದಿದ್ದಳು. ಹೌದು, ಅದೇ ನನ್ನ ವಿದ್ಯೆ. ಊರ ಮಾಸ್ತರರು ಮೂಗಿನಿಂದ ಹಾಜರಿ ಕರೆಯುವುದು, ಬಸ್ಸಿನ ಕಂಡಕ್ಟರು “ಕುಷ್ಟಗಿ, ಕುಷ್ಟಗಿ, ಕುಷ್ಟಗೀ” ಎಂದು ಬರಬರುತ್ತ ಹಾಡಾಗುವುದು, ನಮ್ಮಪ್ಪ ಸಿಟ್ಟು ಬಂದಾಗ ಮೊದಲು ಕನ್ನಡಕ ತೆಗೆದಿಟ್ಟು ಆಮೇಲೆ ಸಿಟ್ಟಾಗುವುದು, ಎಲ್ಲವೂ ನನಗೆ ಬಾಯಿಪಾಠ. ಬಾಯಿಪಾಠವಾಗದೆ ಉಳಿದದ್ದು ಒಂದೇ, ಮೆಕ್ಯಾನಿಕಲ್ ಡಿಪ್ಲೊಮಾದ ಪುಸ್ತಕಗಳು. ಕೊಪ್ಪಳದಲ್ಲಿ ಮೂರು ವರ್ಷಕ್ಕೆ ಮುಗಿಯುವ ಆ ವಿದ್ಯೆಯನ್ನು ಅವಸರ ಮಾಡಬಾರದೆಂದು ನಾನು ಐದನೇ ವರ್ಷಕ್ಕೆ ತಂದಿದ್ದೆ. ಪರೀಕ್ಷೆಯ ಕೋಣೆಯಲ್ಲಿ ನಾನು ಬೆವರುವುದನ್ನು ನಾನೇ ಅಣಕಿಸಿ ತೋರಿಸಿದಾಗ ಗೆಳೆಯರೆಲ್ಲ ನಕ್ಕರು. ಪಾಸಾದವರೂ ಅವರೇ.

ನನ್ನ ಅಣಕಕ್ಕೆ ಕಾಕಾನಂಥ ಪ್ರೇಕ್ಷಕ ಇನ್ನೊಬ್ಬನಿಲ್ಲ. ಬೇರೆಯವರು ಅರ್ಧಕ್ಕೆ ಎದ್ದು ಹೋಗುತ್ತಾರೆ, ಆಕಳಿಸುತ್ತಾರೆ. ಕಾಕಾ ಮಾತ್ರ ಕಣ್ಣು ಮಿಟುಕಿಸದೆ ನನ್ನ ಬಾಯಿಯನ್ನೇ ನೋಡುತ್ತ ಕೂರುತ್ತಾನೆ. ತುಟಿ ಕೊಂಕಿದರೆ ನಗುತ್ತಾನೆ, ಹುಬ್ಬು ಏರಿದರೆ ಉರುಳಿ ಉರುಳಿ ನಗುತ್ತಾನೆ. ಕಲಾವಿದನಿಗೆ ಇನ್ನೇನು ಬೇಕು ಹೇಳಿ!

ಕಾಕಾನದು ಹಿಟ್ಟಿನ ಗಿರಣಿ. ಯಲಬುರ್ಗಾದಿಂದ ಕುಷ್ಟಗಿಯ ಕಡೆ ಹೋಗುವಾಗ ಬರುವ ನಮ್ಮ ಊರಿನ ಜೋಳ, ಸಜ್ಜೆ, ಗೋಧಿ, ಒಣಮೆಣಸಿನಕಾಯಿ ಎಲ್ಲ ಪುಡಿಯಾಗುತ್ತಿದ್ದುದು ಅಲ್ಲೇ. ಗಿರಣಿಯ ಕಲ್ಲನ್ನು ತಿರುಗಿಸುತ್ತಿದ್ದುದು ಒಂದು ಡೀಸೆಲ್ ಇಂಜಿನ್ನು. ಆಳೆತ್ತರದ ಗಾಲಿ, ಪಕ್ಕದಲ್ಲಿ ನೀರಿನ ಟಾಕಿ, ಚಾವಣಿ ಸೀಳಿಕೊಂಡು ಮೇಲೆ ಹೋದ ಹೊಗೆಯ ಕೊಳವೆ. ಮುನಿರಾಬಾದಿನ ಕಡೆಯಿಂದ ಯಾರ ಯಾರದೋ ಕೈ ದಾಟಿ ಬಂದದ್ದು. ಕಾಕಾ ಅದನ್ನು ತಂದ ದಿನವೇ ಅದಕ್ಕೆ ನನ್ನ ಅಜ್ಜನಷ್ಟು ವಯಸ್ಸಾಗಿತ್ತು ಎನ್ನುತ್ತಾರೆ. ನಾನು ನಂಬುತ್ತೇನೆ, ಯಾಕೆಂದರೆ ಅದು ಕೆಮ್ಮುತ್ತಿದ್ದುದೂ ಅಜ್ಜನ ಹಾಗೇ.

ಅದರ ದನಿಯನ್ನು ನಾನಿಲ್ಲಿ ಮಾಡಿ ತೋರಿಸಲಾರೆ, ಬರೆಯಬಲ್ಲೆ ಅಷ್ಟೆ: ಟುಕ್... ಟುಕ್... ಟುಕ್. ಇದು ಹೊಗೆಯ ಕೊಳವೆಯದು. ಈ ಟುಕ್ಕುಗಳ ನಡುವೆ ಹೊಟ್ಟೆಯೊಳಗಿಂದ ಗಟ್ಟಿಯಾಗಿ ಒಂದು ‘ಟಕ್’! ಪಿಸ್ಟನ್ನಿನ ಪಿನ್ನು ಸವೆದು ಸಡಿಲಾಗಿ, ಪ್ರತಿ ಸುತ್ತಿಗೂ ಅದು ಒಳಗೆ ಬಡಿಯುತ್ತಿತ್ತು. ಆ ಟಕ್ಕಿಗೆ ನೆಲ ನಡುಗುತ್ತಿತ್ತು, ಗೂಟದಲ್ಲಿ ನೇತುಹಾಕಿದ ಕಂದೀಲು ತಲೆದೂಗುತ್ತಿತ್ತು.

ಇಂಜಿನ್ನು ಕೂತಿದ್ದ ಬುನಾದಿ ಕಲ್ಲು ಗೋಡೆಯಾಚೆ ಒಂದು ಗೇಣಷ್ಟು ಹೊರಗೆ ಚಾಚಿತ್ತು. ಕಾಕಾನ ಸಿಂಹಾಸನ ಅದರ ಪಕ್ಕದ ಕಟ್ಟೆ. ಅಲ್ಲಿ ಕೂತು, ಒಂದು ಬರಿಗಾಲನ್ನು ಆ ಕಲ್ಲಿನ ಮೇಲಿಟ್ಟು, ರೊಟ್ಟಿ ತಿನ್ನುತ್ತ, ಬೀದಿ ನೋಡುತ್ತ ಇರುವವನು ಇದ್ದಕ್ಕಿದ್ದಂತೆ ಒಳಗಿನವರಿಗೆ ಕೂಗುತ್ತಿದ್ದ: “ಏ, ಕಾಳು ಮುಗದಾವು, ಹಾಕ್ರಿ!” ನೋಡಿದರೆ ನಿಜವಾಗಿಯೂ ಮುಗಿದಿರುತ್ತಿತ್ತು! ಗೋಡೆಯ ಈಚೆ ಕೂತವನಿಗೆ ಹೇಗೆ ತಿಳಿಯುತ್ತಿತ್ತು? ಹೆಂಗಸರು ಕಾಕಾನಿಗೆ ಏನೋ ಸಿದ್ಧಿಯಾಗಿದೆ ಎನ್ನುತ್ತಿದ್ದರು. ಕಾಕಿ ಮಾತ್ರ ಏನೂ ಅನ್ನುತ್ತಿರಲಿಲ್ಲ. ಕಾಳು ಸುರಿಯುವ ಬಾಯಿಯ ಹತ್ತಿರ, ಇಂಜಿನ್ನಿಗೆ ಬೆನ್ನು ಮಾಡಿ ದಿನವಿಡೀ ನಿಲ್ಲುವವಳು ಅವಳೇ. ಗಂಡನಿಗೆ ಏನಾದರೂ ಹೇಳಬೇಕಾದರೆ ಹೊರಗೆ ಬಂದು, ಮೊದಲು ಭುಜ ಮುಟ್ಟಿ, ಆಮೇಲೆ ಹೇಳುತ್ತಿದ್ದಳು. ಹಳೆಯ ಕಾಲದ ಮರ್ಯಾದೆ ಎಂದು ನಾವು ಅದನ್ನೂ ಆಡಿಕೊಳ್ಳುತ್ತಿದ್ದೆವು.

ಗಿರಣಿಯ ಮೂಲೆಯಲ್ಲಿ ಮೂರು ಬುಟ್ಟಿ. ಇಂಜಿನ್ನಿನಿಂದ ಯಾವ ಭಾಗ ಬಿಚ್ಚಿದರೂ ಅದು ಈ ಮೂರರಲ್ಲಿ ಒಂದಕ್ಕೆ ಹೋಗಬೇಕು. ಒಮ್ಮೆ ಕೇಳಿದೆ: “ಕಾಕಾ, ಈ ಬುಟ್ಟಿ ಏನು?”

“ಇದರಾಗಿನವು ಛಲೋ ಅದಾವ.”

“ಇದು?”

“ಇವು ಛಲೋ ಆಗ್ತಾವ.”

“ಮತ್ತ ಇದು?” ಮೂರನೆಯದರಲ್ಲಿ ಇದ್ದದ್ದನ್ನು ನೋಡಿದರೆ ಕಣ್ಣೀರು ಬರುತ್ತಿತ್ತು: ತುಂಡಾದ ಸ್ಪ್ರಿಂಗು, ತಲೆಯಿಲ್ಲದ ಬೋಲ್ಟು, ಏನೆಂದು ಅದಕ್ಕೇ ಮರೆತುಹೋದ ಒಂದು ಕಬ್ಬಿಣ.

“ಇವು? ಇವು ಎದಕ್ಕಾದ್ರೂ ಬರ್ತಾವ.”

“ಒಗಿಯೋ ಬುಟ್ಟಿ ಯಾವುದು ಕಾಕಾ?”

ಕಾಕಾ ನನ್ನ ಮುಖವನ್ನು ಮರುಕದಿಂದ ನೋಡಿದ. ಡಿಪ್ಲೊಮಾದಲ್ಲಿ ಹುಡುಗ ಯಾಕೆ ಡುಮ್ಕಿ ಹೊಡೆಯುತ್ತಿದ್ದಾನೆಂಬುದು ಅವನಿಗೆ ಆಗ ಅರ್ಥವಾಗಿರಬೇಕು.

ಇಂಥ ಇಂಜಿನ್ನು ಒಂದು ದಿನ ನಿಂತಿತು. ಹೊಗೆಯ ಕೊಳವೆ ಕಪ್ಪಗೆ ಕಾರಿತು, ಗಾಲಿ ಒಂದು ಸಲ ಮುಂದೆ, ಒಂದು ಸಲ ಹಿಂದೆ ತೂಗಿ, ದಣಿದ ಎಮ್ಮೆಯಂತೆ ಉಸಿರು ಬಿಟ್ಟಿತು. ಕಾಕಾ ಹ್ಯಾಂಡಲ್ ಹಾಕಿ ತಿರುವಿದ. ನಾನೂ ಜೋತುಬಿದ್ದೆ. ಅಲುಗಲಿಲ್ಲ.

ನಿಂತದ್ದು ಬೇರೆ ಯಾವ ವರ್ಷವಾದರೂ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಅದೇ ಸುಮಾರಿಗೆ ಮುಂದಿನ ಓಣಿಯಲ್ಲಿ ಕರೆಂಟಿನ ಗಿರಣಿ ಬಂದಿತ್ತು. ಗುಂಡಿ ಒತ್ತಿದರೆ ಸಾಕು, ಗುಂಯ್! ಕರೆಂಟು ಇರುವಷ್ಟು ಹೊತ್ತು ಅದು ಗಿರಣಿ, ಹೋದ ಮೇಲೆ ಬರೀ ಒಂದು ಖೋಲಿ. ಆದರೂ ಹೆಂಗಸರು ಬುಟ್ಟಿ ಹೊತ್ತು ಆ ಕಡೆ ಹೋಗತೊಡಗಿದರು. ಕಾಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಒಂದು ತಿಂಗಳು ಆ ಓಣಿ ತುಳದ್ರಂದ್ರ ಈ ಓಣಿ ಮರತಬಿಡ್ತಾರಪಾ,” ಎಂದಳು ನನಗೆ. “ಲಗೂನ ಚಾಲೂ ಆಗಬೇಕು ನೋಡು. ಇಲ್ಲಾಂದ್ರ ಇವ್ರು ಮನ್ಯಾಗ ಕುಂತು ಏನ ಮಾಡ್ಯಾರು?”

ಇಂಜಿನ್ನಿನ ವೈದ್ಯರು ಗಂಗಾವತಿಯಲ್ಲಿದ್ದರು. ಅಕ್ಕಿ ಗಿರಣಿಗಳ ಇಂಜಿನ್ನು ಬಿಚ್ಚಿ ಕಟ್ಟುವ ಉಸ್ತಾದರು. ಅವರಿಗೆ ಫೋನು ಮಾಡಬೇಕು. ಕಾಕಾ ನನ್ನನ್ನು ಕುಷ್ಟಗಿಯ ಎಸ್‌ಟಿಡಿ ಬೂತಿಗೆ ಎಳೆದುಕೊಂಡು ಹೋದ. “ನೀನ ಮಾತಾಡು. ನನಗ ಆ ಡಬ್ಬಿ ಆಗಿ ಬರೂದಿಲ್ಲ,” ಎಂದ. ಗಾಜಿನ ಗೂಡಿನೊಳಗೆ ಇಬ್ಬರೂ ಹೊಕ್ಕೆವು. ನಮ್ಮ ತಲೆಯ ಮೇಲೆ ಕೆಂಪು ಅಂಕಿ ಓಡತೊಡಗಿತು.

“ನಿಲ್ಲೂಕಿಂತ ಮೊದಲ ದನಿ ಹ್ಯಾಂಗಿತ್ತು?” ಆ ಕಡೆಯಿಂದ ಉಸ್ತಾದರು ಕೇಳಿದರು.

ಹೇಗಿತ್ತು ಎಂದು ಹೇಳುವುದು? ನಾನು ಕಾಕಾನ ಕಡೆ ನೋಡಿದೆ. ಕಾಕಾ, “ಮಾಡು!” ಎಂದ.

“ಏನು ಮಾಡ್ಲಿ?”

“ಅದರದ್ದು ಮಾಡು! ಊರ ಮಂದೀದೆಲ್ಲಾ ಮಾಡ್ತಿ, ಅದರದ್ದು ಬರೂದಿಲ್ಲೇನು?”

ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: ಟುಕ್... ಟುಕ್... ಟಕ್! ಕಾಕಾ ಅಂಗೈಯನ್ನು ನನ್ನ ಬೆನ್ನಿಗೆ ಒತ್ತಿ ಹಿಡಿದು, ಕಣ್ಣು ಅರ್ಧ ಮುಚ್ಚಿ, ತಿದ್ದತೊಡಗಿದ. “ಟಕ್ ತಡ ಆತು. ಲಗೂ ಬರಬೇಕು... ಹಾಂ. ಇನ್ನಷ್ಟು ಎದ್ಯಾಗಿಂದ ತಗೀ... ಈಗ ಹೊಗಿ ಕಾರು.” ನಾನು ಹೊಗೆ ಕಾರಿದೆ. “ಈಗ ನಿಂದರು.” ಖೊರ್ರ್ರ್ ಎಂದು ನಿಂತೆ. ಬೂತಿನ ಹೊರಗೆ ಸಾಲಿನಲ್ಲಿದ್ದವರು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಒಬ್ಬ ಅಜ್ಜ ಬೂತಿನವನಿಗೆ ಹೇಳುತ್ತಿದ್ದ: “ಪಾಪ, ಹುಡುಗಗ ಮೂರ್ಛೆರೋಗ ಇದ್ದಂಗೈತಿ. ಕೈಯಾಗ ಕಬ್ಬಿಣ ಕೊಡ್ರೋ!”

ಆ ಕಡೆಯಿಂದ ಉಸ್ತಾದರು ಹೇಳಿದರು. “ತಮ್ಮಾ, ನಿನ್ನ ರಿಂಗು ಮುರದಾವ. ಪಿನ್ನು ಸಡಲ ಐತಿ. ಪಿಸ್ಟನ್ನಿಗೂ ಏನೋ ಆಗೇತಿ. ನಾಳೆ ಬರ್ತೀನಿ, ಅಲ್ಲೀತನಕ ಏನೂ ಮುಟ್ಟಬ್ಯಾಡ್ರಿ.” ಇಡೀ ಡಿಪ್ಲೊಮಾದಲ್ಲಿ ನನ್ನ ಪ್ರಾಕ್ಟಿಕಲ್ ಪರೀಕ್ಷೆ ಪಾಸಾದದ್ದು ಅದೊಂದೇ ಸಲ!

ಉಸ್ತಾದರು ಬಂದರು. ಚೀಲದಲ್ಲಿ ಪಾನಾ, ಸುತ್ತಿಗೆ, ಮೇಣಗಾಗದದಲ್ಲಿ ಸುತ್ತಿದ ಹೊಸ ಪಿಸ್ಟನ್ನು, ಹೊಸ ಪಿನ್ನು. ಇಂಜಿನ್ನು ಬಿಚ್ಚಿ ಗೋಣಿಯ ಮೇಲೆ ಹರವಿದ್ದಾಯಿತು. ಇನ್ನು ಪಂಚಾಯಿತಿ. ಯಾವ ಭಾಗ ಮತ್ತೆ ಒಳಗೆ ಹೋಗಬೇಕು, ಯಾವುದು ಗುಜರಿಗೆ?

ನಾನೂ ಉಸ್ತಾದರೂ ದೊಡ್ಡ ಜಗಳಕ್ಕೆ ಸಜ್ಜಾಗಿ ಕೂತಿದ್ದೆವು. ಆದರೆ ಕಾಕಾ ನಮ್ಮನ್ನು ಬೆಚ್ಚಿಬೀಳಿಸಿದ. “ರಿಂಗು ಹೊಸಾವು ಹಾಕ್ರಿ.” ಹಾಕೋಣ. “ವಾಲ್ವೂ ಹೊಸಾವು ಇರ್ಲಿ.” ಇರಲಿ! ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸೂರ್ಯ ಇವತ್ತು ಪಡುವಣದ ಕುಕನೂರಿನ ಕಡೆಯಿಂದ ಹುಟ್ಟಿದನೋ ಹೇಗೆ? ಉಸ್ತಾದರು ಧೈರ್ಯ ಮಾಡಿ ಮೇಣಗಾಗದ ಬಿಚ್ಚಿ, “ಸಾವಕಾರ್ರ, ಪಿಸ್ಟನ್ನು, ಪಿನ್ನೂ ಹೊಸಾವ ತಂದೀನಿ,” ಎಂದರು.

“ಅವು ಬ್ಯಾಡ.”

“ಯಾಕ್ರಿ?”

“ಹಳೇ ಪಿಸ್ಟನ್ನು, ಹಳೇ ಪಿನ್ನು. ಅವನ್ನ ಹಾಕ್ರಿ. ಇನ್ನಾ ನಡೀತಾವ.”

“ಅದು ಬಡೀತೈತ್ರಿ! ಟಕ್ ಟಕ್ ಅಂತ.”

“ಬಡೀಲಿ! ಬಡೀಲಿಲ್ಲಂದ್ರ ಅದು ನಮ್ಮ ಇಂಜಿನ್ನೇನು?”

ಇದೆಂಥ ಜುಗ್ಗತನ? ಜುಗ್ಗನಾದವನು ಎಲ್ಲದಕ್ಕೂ ಜುಗ್ಗನಾಗಿರಬೇಕು ತಾನೆ? ಹೊಸದಕ್ಕೆಲ್ಲ ಹೂಂ ಎಂದು, ಅತಿ ಹೆಚ್ಚು ಕೆಟ್ಟದ್ದನ್ನೇ ಅಪ್ಪಿಕೊಂಡು ಕೂತರೆ! ನಾನು ಹಟ ಬಿಡಿಸಲು ನನ್ನ ಓದಿನ ಒಂದು ಚೂರು ತೆಗೆದೆ. ನೆನಪಿದ್ದದ್ದೂ ಅದೊಂದೇ. “ಕಾಕಾ, ಪರದೇಶದಾಗ ಪಿಸ್ಟನ್ನ ಇಲ್ಲದ ಇಂಜಿನ್ನು ಅದಾವ. ಒಳಗ ಒಂದು ಮೂರು ಮೂಲಿ ತುಣುಕು ಗಿರಿಗಿರಿ ತಿರಗತೈತಿ, ಮುಗೀತು. ಟಕ್ಕೂ ಇಲ್ಲ, ಟುಕ್ಕೂ ಇಲ್ಲ.”

ಕಾಕಾನ ಕಣ್ಣು ಅರಳಿದವು. “ಮೂರು ಮೂಲಿ? ಹಂಗಾರ ಒಂದು ಮೂಲಿ ಸವದ್ರ ತಿರುವಿ ಇನ್ನೊಂದು ಮೂಲಿ ಹಾಕಬಹುದಲ್ಲೋ! ಮೂರು ಜನ್ಮ ನಡೀತೈತಿ!” ಆಮೇಲೆ ಒಂದು ಕ್ಷಣ ಯೋಚಿಸಿ, ಮುಖ ಸಪ್ಪೆ ಮಾಡಿಕೊಂಡು, “ಆದ್ರ ಟಕ್ ಅನ್ನೂದಿಲ್ಲ ಅಂದಿ. ಬ್ಯಾಡ ಬಿಡು,” ಎಂದ. ಪರದೇಶದ ಆ ಇಂಜಿನ್ನಿನ ಭವಿಷ್ಯ ನಮ್ಮೂರಿನಲ್ಲಿ ಹೀಗೆ ಮುಗಿಯಿತು.

ಕಡೆಗೆ ಉಸ್ತಾದರು ಒಂದು ಒಪ್ಪಂದಕ್ಕೆ ಬಂದರು. “ಪರೀಕ್ಷೆ ಮಾಡೂನ್ರಿ. ಪಿಸ್ಟನ್ನಿನಾಗ ಬಿರುಕು ಇಲ್ಲಾಂದ್ರ ನಿಮ್ಮ ಮಾತು. ಇತ್ತಂದ್ರ ನನ್ನ ಮಾತು.” ಕಾಕಾ ಒಪ್ಪಿದ. ಪರೀಕ್ಷೆ ಸರಳ: ಪಿಸ್ಟನ್ನನ್ನು ಚಿಮಣಿ ಎಣ್ಣೆಯಲ್ಲಿ ನೆನೆಯಿಟ್ಟು, ಒರೆಸಿ, ಮೇಲೆ ಬಿಳಿ ಪುಡಿ ಬಳಿದು ಇಡಬೇಕು. ಬಿರುಕಿದ್ದರೆ ಅದರೊಳಗೆ ಅಡಗಿದ ಎಣ್ಣೆ ನಿಧಾನ ಹೊರಬಂದು ಬಿಳಿಯ ಮೇಲೆ ಕರಿ ಗೆರೆ ಎಳೆಯುತ್ತದೆ. ಸುಣ್ಣದ ಬಳಪ ಬೇಕು. ಶಾಲೆಗೆ ರಜೆ. ಬಳಪ ಎಲ್ಲಿಂದ ಬರಬೇಕು?

ಕಾಕಾ ಮನೆಯೊಳಗೆ ಹೋಗಿ ದೇವರ ಜಗಲಿಯಿಂದ ವಿಭೂತಿಗಟ್ಟಿ ತಂದ!

ಪುಡಿ ಮಾಡಿ ಬಳಿದೆವು. ಬಿಸಿಲಿಗಿರಲಿ ಎಂದು ಪಿಸ್ಟನ್ನನ್ನು ಹೊರಗಿನ ಕಟ್ಟೆಯ ಮೇಲೆ ನಿಲ್ಲಿಸಿ ಮೂವರೂ ಚಹಾ ಕುಡಿಯಲು ಹೋದೆವು. ಮಾಡಿದ ತಪ್ಪು ಅದೇ. ನೀವೇ ಕಣ್ಣಮುಂದೆ ತಂದುಕೊಳ್ಳಿ: ಗುಂಡಗೆ, ನುಣ್ಣಗೆ, ಮೊಳ ಎತ್ತರ ನಿಂತ ಒಂದು ಕಂಬ. ರಿಂಗು ಕೂರುವ ಕಡೆ ಸುತ್ತಲೂ ಸಾಲಾಗಿ ಕೊರೆದ ಗೆರೆ. ಮೈತುಂಬ ವಿಭೂತಿ. ಸೋಮವಾರ ಬೇರೆ!

ಚಹಾ ಮುಗಿಸಿ ಬರುವಷ್ಟರಲ್ಲಿ ಕೆಳಗಿನ ಓಣಿಯ ಅಜ್ಜಿ ಜೋಳದ ಬುಟ್ಟಿ ಇಳಿಸಿ ಕೈಮುಗಿದು ನಿಂತಿದ್ದಳು. ಅವಳ ಹಿಂದೆ ಇನ್ನೂ ಹೆಂಗಸರು. ಪಿಸ್ಟನ್ನಿನ ನೆತ್ತಿಯ ಮೇಲೆ ಬಿಲ್ವಪತ್ರಿ, ಕಣಗಿಲ ಹೂ. ಪಿನ್ನು ಹೋಗುವ ತೂತಿನಲ್ಲಿ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಆ ತೂತು ಅದಕ್ಕೇ ಮಾಡಿಸಿದ್ದೇನೋ ಎಂಬಷ್ಟು ಸರಿಯಾಗಿ ಕೂತಿತ್ತು!

“ಗಿರಣಿ ನಿಂತಿದ್ದು ಸುಮ್ಮನ ಅಲ್ಲವಾ,” ಅಜ್ಜಿ ವಿವರಿಸುತ್ತಿದ್ದಳು. “ಒಳಗ ಸ್ವಾಮಿ ಇದ್ದ. ಹೊರಗ ಬರಬೇಕಂತ ನಿಂದ್ರಿಸ್ಯಾನ.”

“ಅಜ್ಜೀ, ಅದು ಇಂಜಿನ್ನಿಂದು...” ನಾನು ಬಾಯಿ ತೆರೆದೆ.

“ನೀ ಸುಮ್ನಿರು! ಮಾಸ್ತರನ್ನ ಅಣಗಿಸ್ದಂಗಲ್ಲ ದೇವ್ರನ್ನ ಅಣಗಿಸೂದು.”

ಅಷ್ಟರಲ್ಲಿ ಒಬ್ಬಳು ಕಿಟಾರನೆ ಕಿರುಚಿದಳು. ಬಿಳಿಯ ಮೈಮೇಲೆ, ಎಲ್ಲರೂ ನೋಡನೋಡುತ್ತಿದ್ದಂತೆ, ಸಣ್ಣಗೆ ಒಂದು ಕರಿ ಗೆರೆ ಮೂಡುತ್ತಿತ್ತು. ತೂತಿನಿಂದ ಹೊರಟು, ಓರೆಯಾಗಿ, ಮೇಲಕ್ಕೆ.

“ಕಣ್ಣು! ಕಣ್ಣು ತೆರೀಲಿಕ್ಹತ್ಯಾನ!” ಅಜ್ಜಿ ನೆಲಕ್ಕೆ ಹಣೆ ಹಚ್ಚಿದಳು.

ಉಸ್ತಾದರು ಬಗ್ಗಿ ನೋಡಿ, “ಕಣ್ಣಲ್ರೀ ಅವ್ವಾರ, ಬಿರುಕು,” ಎಂದು ನಿಟ್ಟುಸಿರಿಟ್ಟರು. ಆಮೇಲೆ ಕೈಯಲ್ಲಿದ್ದ ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿ ನನ್ನ ಕಿವಿಯಲ್ಲಿ ಕೇಳಿದರು: “ತಮ್ಮಾ, ಈಗ ನಾ ಇದನ್ನ ಬಡದು ನೋಡ್ಲೋ, ಕೈ ಮುಗೀಲೋ?”

ಪರೀಕ್ಷೆಯೇನೋ ಮುಗಿಯಿತು. ಆದರೆ ಕಾಕಾ ಮಾತಿಗೆ ತಪ್ಪಿದ! “ಸಣ್ಣ ಬಿರುಕು ಐತಿ. ಬೆಸಿಗಿ ಹಾಕ್ರಿ.”

“ಬೀಡು ಕಬ್ಬಿಣಕ್ಕ ಬೆಸಿಗಿ ನಿಲ್ಲೂದಿಲ್ರಿ.”

“ನಿಧಾನ ಓಡಸ್ತೀನಿ. ಖಾರ ಕುಟ್ಟೂದಿಲ್ಲ, ಬರೇ ಜ್ವಾಳ.”

“ಸಾವಕಾರ್ರ...” ಉಸ್ತಾದರು ಬೆವರು ಒರೆಸಿಕೊಂಡರು. ಕಾಕಾನ ಎದುರಿಗೆ ಬಂದು ನಿಂತು, ಗೋಣಿಯ ಮೇಲಿದ್ದ ಉದ್ದನೆಯ ರಾಡನ್ನು ಎತ್ತಿ ಹಿಡಿದರು. “ಪಿಸ್ಟನ್ನು ಓಡೂ ಮುಂದ ಒಡದ್ರ ಈ ರಾಡು ಒಳಗ ಕುಂದ್ರೂದಿಲ್ರಿ. ಇಂಜಿನ್ನಿನ ಹೊಟ್ಟಿ ಹರಕೊಂಡು ಹಿಂಗ ಹೊರಗ ಬರ್ತೈತಿ.” ಹೇಗೆಂದು ತೋರಿಸಲು ರಾಡನ್ನು ಗಾಳಿಯಲ್ಲಿ ನೇರ ಮುಂದಕ್ಕೆ ಒಯ್ದರು. ಅದು ಹೋಗಿ ನಿಂತದ್ದು ಕಾಳು ಸುರಿಯುವ ಬಾಯಿಯ ಹತ್ತಿರ. ಅಲ್ಲಿ ಕಾಕಿ ನಮಗೆ ಬೆನ್ನು ಮಾಡಿ, ಕೆಲಸವಿಲ್ಲದಿದ್ದರೂ ರೂಢಿಗೆ ನಿಂತು, ಹಳೆಯ ಹಿಟ್ಟು ಗುಡಿಸುತ್ತಿದ್ದಳು. ರಾಡಿನ ತುದಿಗೂ ಅವಳ ಬೆನ್ನಿಗೂ ನಡುವೆ ಒಂದು ಗೇಣು ಜಾಗ.



ಕಾಕಾ ಆ ರಾಡನ್ನು ನೋಡಿದ, ಆ ಬೆನ್ನನ್ನು ನೋಡಿದ. ಎದ್ದು ಹೊರಗೆ ಹೋಗಿ, ಹೂ, ಪತ್ರಿ, ಊದಿನಕಡ್ಡಿ ಸಮೇತ ಪಿಸ್ಟನ್ನನ್ನು ಎತ್ತಿಕೊಂಡು ಬಂದ. ಮೂರು ಬುಟ್ಟಿಗಳ ಮುಂದೆ ನಿಂತ. ಛಲೋ ಅದಾವ, ಛಲೋ ಆಗ್ತಾವ, ಎದಕ್ಕಾದ್ರೂ ಬರ್ತಾವ. ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ. ಜಾತ್ರೆಯಲ್ಲಿ ಮಗುವನ್ನು ಎತ್ತಿಕೊಂಡವನು ಎಲ್ಲಿ ಇಳಿಸಲಿ ಎಂದು ನೋಡುವಂತೆ. ಕಾಕಿ ಏನು ತಿಳಿದುಕೊಂಡಳೋ, ತನ್ನ ಹಿಟ್ಟಿನ ಬುಟ್ಟಿಯನ್ನು ಕೊಡವಿ ತಂದು ಅವನ ಮುಂದೆ ನೆಲಕ್ಕಿಟ್ಟಳು.

ನಮ್ಮ ಕಾಕಾನ ಮನೆಯ ನಾಲ್ಕನೇ ಬುಟ್ಟಿ! ಪಿಸ್ಟನ್ನು ಅದರಲ್ಲಿ ಕೂತಿತು. ಆದರೆ ಕೂತದ್ದು ಎಷ್ಟು ಹೊತ್ತು? ಬಾಗಿಲಲ್ಲಿ ಅಜ್ಜಿ ಅಬ್ಬರಿಸಿದಳು: “ದೇವ್ರನ್ನ ಗುಜರಿಗೆ ಹಾಕ್ತಿಯೇನೋ ನಿನ್ನ ಕೈ ಸೇದ್ಲಿ!” ಅಷ್ಟಂದು ಬುಟ್ಟಿಯನ್ನೇ ಹೊತ್ತುಕೊಂಡು ಹೋದಳು. ಇಂದಿಗೂ ಆ ಪಿಸ್ಟನ್ನು ಅವಳ ಓಣಿಯ ಬೇವಿನ ಮರದ ಕೆಳಗಿದೆ. ಸೋಮವಾರ ಕಾಯಿ ಒಡೆಯುತ್ತಾರೆ. ಆ ದಾರಿಯಲ್ಲಿ ಹೋಗುವಾಗ ಕಾಕಾ ನನ್ನ ಪಕ್ಕೆಗೆ ತಿವಿಯುತ್ತಾನೆ: “ನೋಡಿದೇನು? ಎದಕ್ಕಾದ್ರೂ ಬರ್ತೈತಿ ಅಂದಿದ್ನೋ ಇಲ್ಲೋ!”

ಹೊಸ ಪಿಸ್ಟನ್ನು, ಹೊಸ ಪಿನ್ನು ಕೂರಿಸಿ ಇಂಜಿನ್ನು ಕಟ್ಟಿದ್ದಾಯಿತು. ಕಾಕಾ ಆ ಹೊತ್ತಿಗೆ ಒಳಗಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಬುನಾದಿ ಕಲ್ಲಿಗೆ ಬರಿಗಾಲಿಟ್ಟು, ಬೀದಿಗೆ ಮುಖ ಮಾಡಿ ಕೂತಿದ್ದ. ಮುನಿಸು ಎಂದುಕೊಂಡೆವು. ಉಸ್ತಾದರು ಹ್ಯಾಂಡಲ್ ಹಾಕಿ ತಿರುವಿದರು. ಗಾಲಿ ತಿರುಗಿತು, ಹೊಗೆಯ ಕೊಳವೆ ಕೆಮ್ಮಿತು, ಮತ್ತೆ... ಟುಕ್, ಟುಕ್, ಟುಕ್. ಟಕ್ಕಿನ ಸುಳಿವೇ ಇಲ್ಲ! ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ನುಣುಪು. ಕಂದೀಲು ಅಲುಗಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸರು ಬುಟ್ಟಿಯ ಸಮೇತ ಈ ಕಡೆ ತಿರುಗಿದರು. ಉಸ್ತಾದರು ನನ್ನ ಭುಜ ತಟ್ಟಿದರು.

ನಾನು ಓಡಿಬಂದು ಕಾಕಾನ ಬೆನ್ನ ಹಿಂದೆ ನಿಂತು ಕೂಗಿದೆ: “ಕಾಕಾ! ಹ್ಯಾಂಗೈತಿ?”

ಕಾಕಾ ತಿರುಗಲಿಲ್ಲ. ಕಾಲಿನ ಬೆರಳುಗಳು ಕಲ್ಲಿನ ಮೇಲೆ ಏನನ್ನೋ ಹುಡುಕುವಂತೆ ಒಮ್ಮೆ ಮಡಚಿದವು, ಒಮ್ಮೆ ಬಿಚ್ಚಿದವು. ಮತ್ತೆ ಕೂಗಿದೆ. ಆಗ ಕಾಕಿ ಬಂದು ಅವನ ಭುಜ ಮುಟ್ಟಿದಳು. ಕಾಕಾ ಅವಳ ಮುಖ ನೋಡಿ ಕೇಳಿದ:

“ಯಾವಾಗ ಚಾಲೂ ಮಾಡ್ತೀರಿ?”

ನಮ್ಮ ಹಿಂದೆ ಇಂಜಿನ್ನು ಓಡುತ್ತಲೇ ಇತ್ತು. ಕಾಕಿ ತುಟಿ ಬಿಡಿಸಿ, ಒಂದೊಂದೇ ಅಕ್ಷರ, “ಆಗೇತ್ರಿ,” ಎಂದಳು. ಕಾಕಾ ಕತ್ತೆತ್ತಿ ಚಾವಣಿಯ ಮೇಲಿನ ಕೊಳವೆ ನೋಡಿದ. ಅದು ಉಂಗುರ ಉಂಗುರವಾಗಿ ಹೊಗೆ ಬಿಡುತ್ತಿತ್ತು.

“ಹಾಂ,” ಎಂದ. “ಛಲೋ ಆತು.” ಆಮೇಲೆ ಕಾಲನ್ನು ಕಲ್ಲಿನಿಂದ ತೆಗೆದು ಚಪ್ಪಲಿಗೆ ಸೇರಿಸಿದ. “ಅದೊಂದು ಟಕ್ ಮಾತ್ರ ಕಾಲಿಗೆ ತಿಳೀತಿತ್ತು ನೋಡು.”

“ಇರ್ಲಿ ಬಿಡ್ರಿ,” ಎಂದಳು ಕಾಕಿ. ಭುಜದ ಮೇಲಿದ್ದ ಕೈಯಿಂದ ಮೆಲ್ಲಗೆ ತಟ್ಟಿದಳು. “ಕಾಳು ಮುಗದಾಗ ನಾ ಬಂದು ಹಿಂಗ ಹೇಳ್ತೀನಿ.”

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಗಾಜಿನ ಗೂಡಿನಲ್ಲಿ ನನ್ನ ಬೆನ್ನಿಗಂಟಿದ್ದ ಅಂಗೈ, ನನ್ನ ಬಾಯಿಯನ್ನೇ ನೋಡುತ್ತಿದ್ದ ಆ ಕಣ್ಣು... ಕಾಕಾ ನನ್ನ ಮುಖ ನೋಡಿ ಗದರಿಸಿದ: “ಯಾಕೋ? ಮಂದಿ ಮಾರಿ ಎಲ್ಲಾ ಮಾಡಿ ಮುಗೀತು, ಈಗ ಇದು ಯಾರ ಮಾರಿ ಹಾಕ್ಕೊಂಡಿ? ಬಾ ಇಲ್ಲಿ. ಕುಂದ್ರು.”

ಪಕ್ಕದಲ್ಲಿ ಕೂತೆ.

“ಅದರದ್ದು ಮಾಡು. ಹಳೇದರದ್ದು.”

ನನ್ನ ಬೆನ್ನಿಗೆ ಅಂಗೈ ಒತ್ತಿತು. ಅಲ್ಲೆಲ್ಲ ಹಿಟ್ಟಿನ ವಾಸನೆ, ವಿಭೂತಿಯ ವಾಸನೆ, ಎಣ್ಣೆಯ ವಾಸನೆ. ನಾನು ಶುರುಮಾಡಿದೆ. ಟುಕ್... ಟುಕ್... ಟಕ್ ಮೊದಲು ಒಂದೆರಡು ಸಲ ತಡವಾಯಿತು. ಆದರೂ ಎದೆಯೊಳಗಿಂದ ಎಳೆದು ತಂದೆ: ಟಕ್!

ಕಾಕಾ ಕಣ್ಣು ಅರ್ಧ ಮುಚ್ಚಿದ. ಆಮೇಲೆ ಬೀದಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟ:

“ಪಿನ್ನು ಸಡಲ ಐತಿ ಇದರದ್ದು. ಇರ್ಲಿ ಬಿಡು. ಇನ್ನಾ ನಡೀತೈತಿ.”